ಕೀಟ ವಿಕರ್ಷಕ ಸಸ್ಯಗಳು

ವಾಸನೆಯಿಂದಲೋ ಕಹಿಯಿಂದಲೋ ಕೀಟಗಳನ್ನು ದೂರವಿಡುವ ಗಿಡಮರಗಳಿಗೆ ಕೀಟ ವಿಕರ್ಷಕ ಸಸ್ಯಗಳೆಂದು ಹೆಸರು. ಬೇವು, ಲಕ್ಕಿ, ತುಳಸಿ, ಬಜೆ, ನಿಂಬೆಹುಲ್ಲು, ಲಾವಂಚ, ಬೆಳ್ಳುಳ್ಳಿ, ಚೆಂಡು ಹೂ, ಹೊಂಗೆ ಇವುಗಳಲ್ಲಿ ಕನ್ನಡ ನಾಡಿನವರಿಗೆ ಚಿರಪರಿಚಿತವಾದವು. ಎಲೆ, ಬೇರು, ಬೀಜ, ಹಿಂಡಿ, ಎಣ್ಣೆ, ಕಷಾಯ, ಹೊಗೆ ಹೀಗೆ ಹಲವು ರೂಪಗಳಲ್ಲಿ ಇವು ಬಳಕೆಯಲ್ಲಿವೆ. ಕಾಳಿನ ಡಬ್ಬಿ, ಬಟ್ಟೆಯ ಪೆಟ್ಟಿಗೆ, ದನದ ಕೊಟ್ಟಿಗೆ, ಮೈಚರ್ಮ, ತರಕಾರಿ ಮಡಿ, ತೆಂಗಿನ ಸುಳಿ ಎಲ್ಲ ಕಡೆಯೂ ಇವಕ್ಕೆ ಕೆಲಸವಿದೆ. ಆದರೆ ಎಲ್ಲ ಕಡೆಯೂ ಒಂದೇ ಫಲ ಸಿಗುವುದಿಲ್ಲ. ಡಬ್ಬಿಯೊಳಗೆ ಚೆನ್ನಾಗಿ ಕೆಲಸ ಮಾಡಿದ ಸೊಪ್ಪು ಹಿತ್ತಲಲ್ಲಿ ಏನನ್ನೂ ಮಾಡದಿರಬಹುದು. ಈ ವ್ಯತ್ಯಾಸದ ಕಾರಣ ತಿಳಿಯದವರು ಒಂದೋ ಗಿಡಮೂಲಿಕೆಯನ್ನು ಕಣ್ಣು ಮುಚ್ಚಿ ನಂಬುತ್ತಾರೆ, ಇಲ್ಲವೇ ಅಜ್ಜಿಯ ಕಾಲದ್ದೆಂದು ತಳ್ಳಿಹಾಕುತ್ತಾರೆ.

ವಾಸನೆಯ ಕೆಲಸ

ತಿನ್ನಲು ಬಂದವರಿಂದ ತಪ್ಪಿಸಿಕೊಂಡು ಓಡಲಾರದ ಗಿಡಗಳು ರಾಸಾಯನಿಕಗಳಿಂದ ತಮ್ಮನ್ನು ಕಾಪಾಡಿಕೊಳ್ಳುತ್ತವೆ. ಟರ್ಪೀನುಗಳು, ಫೀನಾಲುಗಳು, ಗಂಧಕಯುಕ್ತ ಸಂಯುಕ್ತಗಳು ಇವುಗಳಲ್ಲಿ ಮುಖ್ಯ. ತುಳಸಿ ಮತ್ತು ಪುದೀನ ಎಲೆಗಳ ಮೇಲೆ ಭೂತಗನ್ನಡಿ ಹಿಡಿದರೆ ಹೊಳೆಯುವ ಸೂಕ್ಷ್ಮ ಚುಕ್ಕೆಗಳು ಕಾಣುತ್ತವೆ. ಅವು ಸುಗಂಧ ತೈಲ ತುಂಬಿದ ಗ್ರಂಥಿಗಳು. ಎಲೆಯನ್ನು ಉಜ್ಜಿದಾಗ, ಹರಿದಾಗ, ಹುಳು ಕಚ್ಚಿದಾಗ ಅವು ಒಡೆದು ಘಮ ಹರಡುತ್ತದೆ. ಬೆಳ್ಳುಳ್ಳಿಯಲ್ಲಿ ಅಲಿನ್ ಎಂಬ ವಸ್ತುವೂ ಅದನ್ನು ಬದಲಾಯಿಸುವ ಕಿಣ್ವವೂ ಬೇರೆಬೇರೆ ಕೋಶಭಾಗಗಳಲ್ಲಿರುತ್ತವೆ. ಎಸಳನ್ನು ಜಜ್ಜಿದಾಗ ಇವೆರಡೂ ಸೇರಿ ಘಾಟಿನ ಅಲಿಸಿನ್ ಹುಟ್ಟುತ್ತದೆ. ಜಜ್ಜದ ಬೆಳ್ಳುಳ್ಳಿ ಹೆಚ್ಚು ನಾರದಿರುವುದು ಇದರಿಂದಲೇ. ಮುಟ್ಟದೆ ಬಿಟ್ಟ ತುಳಸಿ ಕುಂಡದಿಂದ ಜಗಲಿಯ ಸೊಳ್ಳೆಗಳು ಓಡಿಹೋಗದಿರುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ.

ಕೀಟಗಳ ಮೂಗೆಂದರೆ ಅವುಗಳ ಮೀಸೆ, ಅಂದರೆ ಕುಡಿಮೀಸೆಗಳ ಮೇಲಿನ ಗ್ರಾಹಕಗಳು. ಆಹಾರ ಎಲ್ಲಿದೆ, ಸಂಗಾತಿ ಎಲ್ಲಿದೆ, ಮೊಟ್ಟೆಯಿಡಲು ತಕ್ಕ ಜಾಗ ಯಾವುದು ಎಂಬುದನ್ನು ಅವು ಹೆಚ್ಚಾಗಿ ವಾಸನೆಯಿಂದಲೇ ಅರಿಯುತ್ತವೆ. ಹಾಗಾಗಿ ಒಂದೇ ವಾಸನೆ ಒಂದು ಕೀಟಕ್ಕೆ ಬೇಡವಾದರೆ ಇನ್ನೊಂದಕ್ಕೆ ಕರೆಯಾಗಬಹುದು. ಇದಕ್ಕೆ ಬಿಹಾರದ ಪೂಸಾದಲ್ಲಿದ್ದ ಕೃಷಿ ಸಂಶೋಧನಾ ಸಂಸ್ಥೆಯ ಕೀಟತಜ್ಞ ಎಫ್. ಎಂ. ಹೌಲೆಟ್ ಕಂಡ ಘಟನೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅಲ್ಲಿ ಒಬ್ಬರು ಸೊಳ್ಳೆ ಬಾರದಿರಲೆಂದು ಕರವಸ್ತ್ರಕ್ಕೆ ಸಿಟ್ರೊನೆಲ್ಲಾ ಎಣ್ಣೆ ಹಾಕಿಕೊಂಡರೆ ಹಣ್ಣಿನ ನೊಣಗಳು ಬಂದು ಮುತ್ತುತ್ತಿದ್ದವು. ಹೌಲೆಟ್ ಇದನ್ನು ಬೆನ್ನುಹತ್ತಿ 1912ರಲ್ಲಿ ಪ್ರಕಟಿಸಿದರು. ಬಂದವೆಲ್ಲ ಗಂಡು ನೊಣಗಳು. ಅವನ್ನು ಸೆಳೆಯುವ ವಸ್ತು ಮೀಥೈಲ್ ಯೂಜಿನಾಲ್ ಎಂದು 1915ರಲ್ಲಿ ಅವರೇ ತೋರಿಸಿದರು. ಈ ವಸ್ತು ತುಳಸಿಯಲ್ಲೂ ಇದೆ. ಇಂದು ಶ್ರೀನಿವಾಸಪುರ, ರಾಮನಗರಗಳ ಮಾವಿನ ತೋಪುಗಳಲ್ಲಿ ತೂಗುಹಾಕುವ ಹಣ್ಣುನೊಣದ ಬಲೆಗಳಲ್ಲಿ ಇರುವುದು ಮೀಥೈಲ್ ಯೂಜಿನಾಲ್‌ನಲ್ಲಿ ನೆನೆಸಿದ ಸಣ್ಣ ಪ್ಲೈವುಡ್ ತುಂಡು. ಸೊಳ್ಳೆ ಓಡಿಸುವ ಎಣ್ಣೆಯಿಂದ ಮಾವು ಕಾಯುವ ಬಲೆ ಹುಟ್ಟಿದ್ದು ಹೀಗೆ. ವಿಕರ್ಷಕ ಎನ್ನುವಾಗಲೆಲ್ಲ ಯಾವ ಕೀಟಕ್ಕೆ ಎಂದು ಕೇಳಲೇಬೇಕು.

ಹಳೆಯ ಬಳಕೆ

ಗಿಡಗಳ ರೋಗ ಮತ್ತು ಕೀಟಬಾಧೆಗೆ ಸಸ್ಯಮೂಲದ ಚಿಕಿತ್ಸೆ ಹೇಳುವ ಶಾಸ್ತ್ರಕ್ಕೆ ನಮ್ಮಲ್ಲಿ ವೃಕ್ಷಾಯುರ್ವೇದವೆಂದು ಹೆಸರು. ಸಂಸ್ಕೃತದಲ್ಲಿ ಸುರಪಾಲನ ಗ್ರಂಥ ಪ್ರಸಿದ್ಧ. ಕನ್ನಡದಲ್ಲಿ 1025ರ ಸುಮಾರಿನ ‘ಲೋಕೋಪಕಾರ’ದಲ್ಲಿ ಈ ವಿಷಯಕ್ಕೆಂದೇ ಒಂದು ಅಧ್ಯಾಯವಿದೆ. ಅದನ್ನು ಬರೆದವನು ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯ. ಶ್ರವಣಬೆಳಗೊಳದ ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯನೇ ಬೇರೆ. ಸಾವಿರ ವರ್ಷಗಳ ಹಿಂದೆಯೇ ಬೇಸಾಯದ ಈ ತಿಳಿವಳಿಕೆ ಜನರ ನುಡಿಯಲ್ಲಿ ಗ್ರಂಥಸ್ಥವಾಗಿತ್ತೆಂಬುದು ಹೆಮ್ಮೆಯ ಸಂಗತಿ. ಆದರೆ ಹಳೆಯದೆಂಬ ಕಾರಣಕ್ಕೇ ಯಾವುದೂ ಪರೀಕ್ಷೆಯಿಂದ ವಿನಾಯಿತಿ ಪಡೆಯುವುದಿಲ್ಲ.

ಮುಚ್ಚಿದ ಜಾಗಗಳಲ್ಲಿ

ವಾಸನೆ ಚೆನ್ನಾಗಿ ಕೆಲಸ ಮಾಡುವುದು ಗಾಳಿಯಾಡದ ಕಡೆ. ಡಬ್ಬಿ, ಪೆಟ್ಟಿಗೆ, ಕಣಜಗಳಲ್ಲಿ ಆವಿ ನಿಂತು ದಟ್ಟವಾಗುತ್ತದೆ, ದಿನಗಟ್ಟಲೆ ಉಳಿಯುತ್ತದೆ. ನಮ್ಮ ಹೆಂಗಸರು ಕಾಳುಕಡ್ಡಿಯ ನಡುವೆ ನೆರಳಲ್ಲಿ ಒಣಗಿಸಿದ ಬೇವಿನೆಲೆ, ಲಕ್ಕಿ ಸೊಪ್ಪು, ಒಣಮೆಣಸಿನಕಾಯಿ ಹಾಕಿಡುವ ಪದ್ಧತಿಗೆ ಗಟ್ಟಿ ಆಧಾರವಿದೆ.

ಅದರ ಮಿತಿಯೂ ಸ್ಪಷ್ಟ. ಹೆಸರು, ಅಲಸಂದೆ, ತೊಗರಿಗಳಿಗೆ ಹತ್ತುವ ಕುಟ್ಟೆಹುಳು ಎಷ್ಟೋ ಸಲ ಹೊಲದಿಂದಲೇ ಬಂದಿರುತ್ತದೆ. ಕಾಳನ್ನು ಅಂಗೈಯಲ್ಲಿ ಹರಡಿ ಬೆಳಕಿಗೆ ಹಿಡಿದರೆ ಸಿಪ್ಪೆಗೆ ಅಂಟಿಕೊಂಡ ಸುಣ್ಣದ ಚುಕ್ಕೆಯಂಥ ಮೊಟ್ಟೆಗಳು ಕಾಣುತ್ತವೆ. ಮರಿ ಅಲ್ಲಿಂದ ನೇರವಾಗಿ ಕಾಳಿನೊಳಗೆ ಕೊರೆದು ಹೋಗಿ, ಒಳಗೇ ತಿಂದು ಬೆಳೆದು, ಕೊನೆಗೆ ದುಂಡನೆಯ ತೂತು ಮಾಡಿಕೊಂಡು ಪ್ರೌಢ ಕೀಟವಾಗಿ ಹೊರಬರುತ್ತದೆ. ಒಳಗೆ ಸೇರಿದ ಮರಿಗೆ ಬೇವಿನೆಲೆಯ ವಾಸನೆ ತಟ್ಟುವುದಿಲ್ಲ. ಆದುದರಿಂದ ಮೊದಲು ಕಡುಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಆಮೇಲೆ ಸೊಪ್ಪು ಹಾಕುವುದು ಕ್ರಮ. ಕಾಳಿಗೆ ಹರಳೆಣ್ಣೆ ಸವರುವುದು ಇನ್ನೂ ಖಚಿತವಾದ ಉಪಾಯ. ಕಿಲೋಗೆ 5 ಮಿಲಿಲೀಟರಿನಷ್ಟು ಎಣ್ಣೆ ಸಾಕು. ಇಲ್ಲಿ ಕೆಲಸ ಮಾಡುವುದು ವಾಸನೆಗಿಂತ ಹೆಚ್ಚಾಗಿ ಎಣ್ಣೆಯ ಪೊರೆ. ಅದು ಮೊಟ್ಟೆಯ ಉಸಿರು ಕಟ್ಟಿಸುತ್ತದೆ.

ಬಜೆಯ ವಿಷಯ ಬೇರೆ. ಅದರ ಬೇರಿನಲ್ಲಿರುವ ಅಸರೋನ್ ಕೀಟಗಳ ಸಂತಾನಶಕ್ತಿಯನ್ನೇ ಕುಗ್ಗಿಸುತ್ತದೆಂದು ಜಮ್ಮುವಿನ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳು 1977ರಲ್ಲಿ ತೋರಿಸಿದರು. ಇದೇ ಬೀಟಾ ಅಸರೋನ್ ಇಲಿಗಳಲ್ಲಿ ಕ್ಯಾನ್ಸರ್ ಉಂಟುಮಾಡಿದ ಕಾರಣ ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಿತ್ತು. ಬಿತ್ತನೆಗೆಂದು ಎತ್ತಿಟ್ಟ ಬೀಜದ ಜೊತೆ ಬಜೆ ತುಂಡುಗಳನ್ನು ಹಾಕುವುದು ಸರಿ. ತಿನ್ನುವ ಕಾಳಿನ ಜೊತೆ ಬೇಡ.

ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ತಾಳೆಗರಿಗಳನ್ನು ಕಾಯುವುದೂ ಒಂದು ಹುಲ್ಲಿನ ಘಮವೇ. 1891ರಲ್ಲಿ ಆರಂಭವಾದ ಈ ಸಂಸ್ಥೆಯಲ್ಲಿಯೇ ಆರ್. ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿ ದೊರೆತದ್ದು, 1909ರಲ್ಲಿ ಅದು ಅಚ್ಚಾದದ್ದು. ಅಲ್ಲಿ ಗರಿಗಳಿಗೆ ನಿಂಬೆಹುಲ್ಲಿನ ಎಣ್ಣೆ ಸವರುತ್ತಾರೆ. ಅದು ಹುಳಹುಪ್ಪಟೆಗಳನ್ನು ದೂರವಿಡುತ್ತದೆ, ಒಣಗಿ ಮುರಿಯುವ ಗರಿಗೆ ಮೆದುತನ ಕೊಡುತ್ತದೆ, ತೇವ ತಾಗದಂತೆ ಮಾಡುತ್ತದೆ. ಬಟ್ಟೆಯ ಮಡಿಕೆಗಳ ನಡುವೆ ಲಾವಂಚದ ಬೇರು ಇಡುವುದೂ ಇದೇ ತತ್ವದ ಬಳಕೆ. ಲಾವಂಚದ ಎಣ್ಣೆಯಲ್ಲಿ ಅಲ್ಪ ಪ್ರಮಾಣದಲ್ಲಿರುವ, ಚಕ್ಕೋತದ ಜಾತಿಯ ಗ್ರೇಪ್‌ಫ್ರೂಟ್ ಹಣ್ಣಿನಲ್ಲೂ ಸಿಗುವ ನೂಟ್ಕಟೋನ್ ಎಂಬ ವಸ್ತುವನ್ನು 2020ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಸೊಳ್ಳೆ ಮತ್ತು ಉಣ್ಣೆಗಳ ವಿರುದ್ಧ ನೋಂದಾಯಿಸಿತು.

ಮೈಮೇಲೆ, ಮನೆಯೊಳಗೆ

ಮೈಗೆ ಹಚ್ಚಿದ ಸುಗಂಧ ತೈಲಕ್ಕೆ ಆಯಸ್ಸು ಕಡಿಮೆ. ಮೈಯ ಬಿಸಿಗೆ ಅದು ಬೇಗನೆ ಆರಿಹೋಗುತ್ತದೆ. 2002ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಫ್ರಾಡಿನ್ ಮತ್ತು ಡೇ ಎಂಬಿಬ್ಬರು ಪ್ರಕಟಿಸಿದ ಪರೀಕ್ಷೆ ಇದನ್ನು ಅಂಕಿಗಳಲ್ಲಿ ತೋರಿಸಿದೆ. ಸ್ವಯಂಸೇವಕರು ವಿಕರ್ಷಕ ಹಚ್ಚಿದ ಕೈಯನ್ನು ಸೊಳ್ಳೆಗಳ ಪಂಜರದೊಳಗೆ ಇಟ್ಟರು. ಮೊದಲ ಕಡಿತಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಅಳೆಯಲಾಯಿತು. ಡೀಟ್ ಎಂಬ ಕೃತಕ ವಿಕರ್ಷಕ ಶೇ 23.8ರಷ್ಟು ಇದ್ದ ಲೇಪ ಸರಾಸರಿ 301 ನಿಮಿಷ ಕಾಯಿತು. ಸಿಟ್ರೊನೆಲ್ಲಾ ಮೊದಲಾದ ಸಸ್ಯತೈಲಗಳ ಬಹುತೇಕ ಲೇಪಗಳು 20 ನಿಮಿಷವೂ ತಾಳಲಿಲ್ಲ. ಸೋಯಾ ಎಣ್ಣೆಯ ಒಂದು ಲೇಪ ಮಾತ್ರ ಒಂದೂವರೆ ಗಂಟೆ ನಿಂತಿತು.

ಇದಕ್ಕೆ ದೊಡ್ಡ ಅಪವಾದ ನಿಂಬೆ ನೀಲಗಿರಿ ಮರ. ಅದರ ಎಲೆಯಿಂದ ಸಿದ್ಧಪಡಿಸುವ, ಪಿಎಂಡಿ ಎಂದು ಚಿಕ್ಕದಾಗಿ ಕರೆಯುವ ಸಂಯುಕ್ತ ಬೇಗ ಆವಿಯಾಗುವುದಿಲ್ಲ. ಚೀನಾದ ಸಂಶೋಧಕರು ಗುರುತಿಸಿದ ಈ ವಿಕರ್ಷಕವನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2005ರಲ್ಲಿ ಶಿಫಾರಸಿನ ಪಟ್ಟಿಗೆ ಸೇರಿಸಿತು. ಮೂರು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಇದು ಸಲ್ಲದು. ಅಂಗಡಿಯಲ್ಲಿ ಸಿಗುವ ಸಾದಾ ನೀಲಗಿರಿ ಎಣ್ಣೆಯನ್ನೇ ಇದೆಂದು ತಿಳಿಯಬಾರದು, ಎರಡೂ ಬೇರೆ.

ನರ್ಸರಿಗಳಲ್ಲಿ ಸೊಳ್ಳೆ ಓಡಿಸುವ ಗಿಡವೆಂದು ಮಾರುವ ಕುಂಡಗಳ ಬಗ್ಗೆ ಪರೀಕ್ಷೆಗಳು ಹೇಳುವುದು ಬೇರೆ. ಸಿಟ್ರೋಸಾ ಎಂಬ ಹೆಸರಿನ ಜೆರೇನಿಯಂ ಗಿಡವನ್ನು ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾನಿಲಯದವರು 1996ರಲ್ಲಿ ಪರೀಕ್ಷಿಸಿದಾಗ ಸೊಳ್ಳೆಗಳು ಅದೇ ಗಿಡದ ಎಲೆಗಳ ಮೇಲೆ ನಿರಾತಂಕವಾಗಿ ಕೂತವು. ಕೀನ್ಯಾದಲ್ಲಿ ನಾಯಿತುಳಸಿ, ಲಂಟಾನಗಳ ಕುಂಡಗಳನ್ನು ಗುಡಿಸಲಿನ ಬಳಿ ಇಟ್ಟು ನೋಡಿದ ಪ್ರಯೋಗದಲ್ಲಿ ಕಡಿತ ಸುಮಾರು ಮೂರನೇ ಒಂದರಷ್ಟು ಇಳಿಯಿತು. ಮಲೇರಿಯಾ, ಡೆಂಗಿ ಇರುವ ಊರಲ್ಲಿ ಅಷ್ಟು ಸಾಲದು.

ಸಂಜೆ ಕೊಟ್ಟಿಗೆಯಲ್ಲಿ ಲಕ್ಕಿ ಸೊಪ್ಪು, ಬೇವಿನೆಲೆಯ ಹೊಗೆ ಹಾಕಿದರೆ ದನಗಳಿಗೆ ನೊಣ, ಸೊಳ್ಳೆಗಳ ಕಾಟ ತಗ್ಗುತ್ತದೆ. ಹೊಗೆಯನ್ನೇ ಸರಕಾಗಿ ಮಾಡಿದವರು ಜಪಾನಿನವರು. ಕೀಟನಾಶಕ ಸೇವಂತಿಗೆಯ ಜಾತಿಯ ಪೈರೆಥ್ರಮ್ ಹೂವಿನ ಪುಡಿಯಿಂದ ಎಯಿಚಿರೊ ಉಯೆಯಾಮಾ 1890ರಲ್ಲಿ ಊದುಬತ್ತಿಯಂಥ ಸೊಳ್ಳೆಬತ್ತಿ ತಯಾರಿಸಿದರು. ಅದು ಬೇಗ ಉರಿದು ಮುಗಿಯುತ್ತಿತ್ತು. ಸುರುಳಿಯಾಗಿ ಸುತ್ತಿದರೆ ಹೆಚ್ಚು ಹೊತ್ತು ಉರಿಯುತ್ತದೆಂಬ ಉಪಾಯ ಅವರ ಪತ್ನಿ ಯೂಕಿಯದು. ಸುರುಳಿ ಬತ್ತಿ 1902ರಲ್ಲಿ ಮಾರುಕಟ್ಟೆಗೆ ಬಂತು. ಈಗಿನ ಸುರುಳಿಗಳಲ್ಲಿ ಹೂವಿನ ಬದಲು ಅದರ ಕೃತಕ ಬಂಧುಗಳಾದ ಪೈರೆಥ್ರಾಯ್ಡುಗಳಿರುವುದೇ ಹೆಚ್ಚು. ಯಾವುದೇ ಹೊಗೆ ಉಸಿರಿಗೆ ಒಳ್ಳೆಯದಲ್ಲ. ಒಂದು ಸುರುಳಿ ಪೂರ್ತಿ ಉರಿದಾಗ ಹೊರಬೀಳುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳಿಗೆ ಸಮವೆಂದು 2003ರ ಒಂದು ಅಧ್ಯಯನ ಅಳೆದಿದೆ. ಮಗು ಮಲಗಿದ ಕೋಣೆಗೆ ಸೊಳ್ಳೆಪರದೆಯೇ ಸರಿಯಾದದ್ದು.

ಬೇವು

ಈ ಸಾಲಿನಲ್ಲಿ ಬೇವಿಗೆ ಸಾಟಿಯಿಲ್ಲ. ಸುಡಾನಿನಲ್ಲಿ 1959ರಲ್ಲಿ ಮಿಡತೆಗಳ ದಂಡು ಬಂದು ಹೋದ ಮೇಲೂ ಬೇವಿನ ಮರಗಳು ಮಾತ್ರ ಹಸಿರಾಗಿ ಉಳಿದದ್ದನ್ನು ಜರ್ಮನ್ ಕೀಟತಜ್ಞ ಹೈನ್‌ರಿಷ್ ಶ್ಮುಟರರ್ ಕಂಡರು. 1962ರಲ್ಲಿ ದಿಲ್ಲಿಗೆ ಮಿಡತೆ ದಾಳಿಯಿಟ್ಟಾಗ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಎಸ್. ಪ್ರಧಾನ್ ಮತ್ತು ಸಂಗಡಿಗರು ಬೇವಿನ ಬೀಜದ ನೀರು ಸಿಂಪಡಿಸಿದ ಬೆಳೆಯ ಮೇಲೆ ಮಿಡತೆಗಳು ಕೂತರೂ ತಿನ್ನದೆ ಹೋದುದನ್ನು ದಾಖಲಿಸಿದರು. ಅದರ ಮುಖ್ಯ ಸತ್ವ ಅಜಾಡಿರಾಕ್ಟಿನ್ 1968ರಲ್ಲಿ ಇಂಗ್ಲೆಂಡಿನಲ್ಲಿ ಬೇರ್ಪಟ್ಟಿತು. ಅದರ ಅಣು ಎಷ್ಟು ಜಟಿಲವೆಂದರೆ ಪ್ರಯೋಗಾಲಯದಲ್ಲಿ ಅದನ್ನು ಪೂರ್ತಿಯಾಗಿ ಕಟ್ಟಲು 2007ರವರೆಗೆ, ಕೇಂಬ್ರಿಜ್‌ನ ಸ್ಟೀವನ್ ಲೇ ತಂಡದವರೆಗೆ, ಕಾಯಬೇಕಾಯಿತು. ಮರ ಮಾತ್ರ ಪ್ರತಿ ಬೇಸಿಗೆಯಲ್ಲೂ ಅದನ್ನು ಬೀಜದಲ್ಲಿ ತುಂಬಿ ಕೊಡುತ್ತದೆ.

ಅಜಾಡಿರಾಕ್ಟಿನ್ ವಾಸನೆಯ ವಸ್ತುವಲ್ಲ. ಅದು ಕೀಟದ ಹಸಿವನ್ನು ಕೆಡಿಸುತ್ತದೆ, ಪೊರೆ ಕಳಚುವ ಹಾರ್ಮೋನಿನ ಕೆಲಸವನ್ನು ತಪ್ಪಿಸುತ್ತದೆ. ಹಾಗಾಗಿ ಸಿಂಪಡಿಸಿದ ಮರುದಿನ ಹುಳುಗಳು ಸತ್ತು ಬಿದ್ದಿರುವುದಿಲ್ಲ. ಅವು ಮಂಕಾಗಿ, ತಿನ್ನುವುದು ಬಿಟ್ಟು, ಮುಂದಿನ ಪೊರೆ ಬಿಡಲಾಗದೆ ಸಾಯುತ್ತವೆ. ಇದು ತಿಳಿಯದ ಎಷ್ಟೋ ರೈತರು ಎರಡನೇ ದಿನಕ್ಕೇ ಬೇವು ಕೆಲಸ ಮಾಡಲಿಲ್ಲವೆಂದು ರಾಸಾಯನಿಕದ ಡಬ್ಬಿ ಹಿಡಿಯುತ್ತಾರೆ. ಬೇವಿನ ಹೆಸರು ಕೆಟ್ಟಿರುವುದು ಈ ಅವಸರದಿಂದ.

ಶೇ 5ರ ಬೇವಿನ ಬೀಜದ ಕಷಾಯ ತಯಾರಿಸುವ ಕ್ರಮ ಕಷ್ಟದ್ದಲ್ಲ. ಮುಂಗಾರಿನ ಆರಂಭದಲ್ಲಿ ಉದುರುವ ಹಣ್ಣುಗಳನ್ನು ಆರಿಸಿ, ತೊಗಟೆ ಮತ್ತು ಅಂಟು ತೊಳೆದು, ಬೀಜವನ್ನು ನೆರಳಲ್ಲಿ ಒಣಗಿಸಬೇಕು. ಬೂಷ್ಟು ಹಿಡಿದ, ಒಳಗೆ ಕಪ್ಪಾದ ಬೀಜವನ್ನು ಆಯ್ದು ಬಿಸಾಡಬೇಕು. ಐದು ಕಿಲೋ ತಿರುಳನ್ನು ಕುಟ್ಟಿ ಪುಡಿಮಾಡಿ 10 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿದರೆ ಬೆಳಿಗ್ಗೆಗೆ ನೀರು ಹಾಲಿನಂತೆ ಬೆಳ್ಳಗಾಗಿರುತ್ತದೆ. ತೆಳುಬಟ್ಟೆಯಲ್ಲಿ ಎರಡು ಸಲ ಸೋಸಿ, ಒಟ್ಟು 100 ಲೀಟರ್ ಆಗುವಷ್ಟು ನೀರು ಸೇರಿಸಿ, 200 ಗ್ರಾಂ ಸೋಪಿನ ಪುಡಿ ಕಲಸಬೇಕು. ಸೋಪು ಇಲ್ಲದಿದ್ದರೆ ದ್ರಾವಣ ಎಲೆಗೆ ಅಂಟದೆ ಹನಿಯಾಗಿ ಜಾರುತ್ತದೆ. ಬಿಸಿಲಿನ ಅತಿನೇರಳೆ ಕಿರಣಕ್ಕೆ ಅಜಾಡಿರಾಕ್ಟಿನ್ ಬೇಗ ಹಾಳಾಗುವುದರಿಂದ ಸಿಂಪಡಣೆ ಸಂಜೆಯ ಹೊತ್ತಿಗಿರಲಿ. ಜೇನುನೊಣಗಳು ಗೂಡು ಸೇರಿರುವ ಹೊತ್ತೂ ಅದೇ. ಪರಿಣಾಮ ಒಂದು ವಾರದಷ್ಟು ಮಾತ್ರ ಉಳಿಯುವುದರಿಂದ ಮತ್ತೆ ಸಿಂಪಡಿಸಬೇಕಾಗುತ್ತದೆ. ಸಸ್ಯಹೇನು, ಬಿಳಿನೊಣ, ಜಿಗಿಹುಳು, ಎಳೆಯ ಕಂಬಳಿಹುಳುಗಳಿಗೆ ಇದು ತಕ್ಕುದು. ಬಲಿತ ಕಾಯಿಕೊರಕಕ್ಕೆ ಹೆಚ್ಚು ಪ್ರಯೋಜನವಿಲ್ಲ.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೇವು ಮತ್ತು ಹೊಂಗೆ ಎಣ್ಣೆಗಳಿಂದ ನೀರಿನಲ್ಲಿ ಕರಗುವ ಸೋಪುಗಳನ್ನೇ ರೂಪಿಸಿರುವುದರಿಂದ ಕುಟ್ಟಿ ಸೋಸುವ ಶ್ರಮ ಬೇಡದವರಿಗೆ ಅನುಕೂಲವಾಗಿದೆ. ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಗೆ ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಹೇಳುವ ಉಪಾಯವೂ ಬೇವಿನದೇ: 250 ಗ್ರಾಂ ಬೇವಿನ ಹಿಂಡಿಯ ಪುಡಿಗೆ ಅಷ್ಟೇ ಮರಳು ಬೆರೆಸಿ ಸುಳಿಯ ಸುತ್ತಲ ಎಳೆ ಗರಿಗಳ ಬುಡದ ಸಂದಿಗೆ ತುಂಬುವುದು. ಬೇವಿನ ಎಣ್ಣೆಯಿಂದ ಶಿಲೀಂಧ್ರ ತಡೆಯುವ ವಿಧಾನಕ್ಕೆ ಅಮೆರಿಕದ ಒಂದು ಕಂಪನಿ ಮತ್ತು ಅಲ್ಲಿನ ಕೃಷಿ ಇಲಾಖೆ 1994ರಲ್ಲಿ ಪಡೆದಿದ್ದ ಯುರೋಪಿನ ಪೇಟೆಂಟನ್ನು ವಂದನಾ ಶಿವ, ಮಾಗ್ದಾ ಆಲ್‌ಫೂಟ್ ಮತ್ತು ಸಾವಯವ ಕೃಷಿ ಒಕ್ಕೂಟದವರು ಪ್ರಶ್ನಿಸಿದರು. ಅದು 2000ದಲ್ಲಿ ರದ್ದಾಯಿತು, ಮೇಲ್ಮನವಿಯೂ 2005ರಲ್ಲಿ ಬಿದ್ದುಹೋಯಿತು. ಭಾರತದ ರೈತರು ಮೊದಲಿನಿಂದ ಬಲ್ಲದ್ದನ್ನು ಹೊಸತೆಂದು ಯಾರೂ ಹಕ್ಕು ಸಾಧಿಸಲಾಗದೆಂಬ ಮಾತು ಅಲ್ಲಿ ಗೆದ್ದಿತು.

ತೋಟದ ನಡುವೆ

ತರಕಾರಿ ಸಾಲುಗಳ ನಡುವೆ ಘಮದ ಗಿಡ ನೆಟ್ಟರೆ ಕೀಟ ಬರುವುದಿಲ್ಲವೆಂಬ ನಂಬಿಕೆ ವ್ಯಾಪಕವಾಗಿದೆ. ಇಂಗ್ಲೆಂಡಿನ ವೆಲ್ಸ್‌ಬರ್ನ್‌ನಲ್ಲಿ ಸ್ಟಾನ್ ಫಿಂಚ್ ಮತ್ತು ರೋಸ್‌ಮೆರಿ ಕೋಲಿಯರ್ ಇದನ್ನು ಕೆದಕಿ ನೋಡಿದರು. ಕೋಸಿನ ಬೇರು ತಿನ್ನುವ ನೊಣಗಳನ್ನು ಘಮದ ಗಿಡಗಳು ತಡೆದದ್ದು ನಿಜ. ಆದರೆ ವಾಸನೆಯಿಲ್ಲದ ಗಿಡಗಳೂ, ಹಸಿರು ಕಾಗದದ ಗಿಡಗಳೂ ಹಾಗೆಯೇ ತಡೆದವು. ನೊಣ ಹಸಿರಾದದ್ದರ ಮೇಲೆಲ್ಲ ಇಳಿಯುತ್ತದೆ. ಸತತವಾಗಿ ಸರಿಯಾದ ಎಲೆಯೇ ಸಿಕ್ಕರೆ ಮಾತ್ರ ಮೊಟ್ಟೆಯಿಡುತ್ತದೆ. ನಡುವೆ ಬೇರೆ ಎಲೆ ಸಿಗುತ್ತಿದ್ದರೆ ಬೇಸತ್ತು ಹೋಗುತ್ತದೆ. ನಮ್ಮ ಅಕ್ಕಡಿ ಸಾಲಿನ ಪದ್ಧತಿಗೆ ಇದರಿಂದ ಬಲವೇ ಬರುತ್ತದೆ: ಬೆರಕೆ ಬೆಳೆಗೆ ಲಾಭವಿದೆ, ಅದರ ಕಾರಣ ಮಾತ್ರ ಘಮವೇ ಆಗಬೇಕಿಲ್ಲ.

ಚೆಂಡು ಹೂವಿನ ಕಥೆ ಇನ್ನೂ ಕುತೂಹಲಕರ. ಅದರ ಬೇರಿನಲ್ಲಿರುವ ಟರ್ಥಿಯೆನಿಲ್ ಬೇರುಗಂಟು ಮಾಡುವ ಜಂತುಹುಳುಗಳಿಗೆ ವಿಷವೆಂದು ಡಚ್ ವಿಜ್ಞಾನಿಗಳು 1958ರಲ್ಲಿ ಕಂಡುಹಿಡಿದರು. ಎಲೆಯ ಲಿಮೊನೀನ್ ವಾಸನೆ ಟೊಮೆಟೊದಿಂದ ಬಿಳಿನೊಣಗಳನ್ನು ದೂರವಿಡುತ್ತದೆಂದು 2019ರಲ್ಲಿ ನ್ಯೂಕಾಸಲ್ ವಿಶ್ವವಿದ್ಯಾನಿಲಯದವರು ತೋರಿಸಿದರು. ಅದು ಗಾಜಿನ ಮನೆಯೊಳಗಿನ, ಅಂದರೆ ಮುಚ್ಚಿದ ಜಾಗದ ಮಾತು. ನಮ್ಮ ಬಯಲು ಹೊಲಗಳಲ್ಲಿ ಚೆಂಡು ಹೂವಿಗೆ ತದ್ವಿರುದ್ಧವಾದ ಕೆಲಸವಿದೆ. ಟೊಮೆಟೊದ ಕಾಯಿಕೊರಕ ಪತಂಗ ಚೆಂಡು ಹೂವನ್ನು ಹುಡುಕಿಕೊಂಡು ಬಂದು ಮೊಟ್ಟೆಯಿಡುತ್ತದೆ. ಹೆಸರಘಟ್ಟದ ವಿಜ್ಞಾನಿಗಳು ಈ ಮೋಹವನ್ನೇ ಬಳಸಿ, 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡು ಹೂ ಎಂಬ ಲೆಕ್ಕ ಕೊಟ್ಟರು. ಟೊಮೆಟೊ ಸಸಿ 25 ದಿನದ್ದು, ಚೆಂಡು ಹೂವಿನದು 40 ದಿನದ್ದು ಇರಬೇಕು. ಆಗಲೇ ಎರಡೂ ಒಟ್ಟಿಗೆ ಹೂವಾಗುವುದು. ಕೋಸಿಗೆ ಸಾಸಿವೆಯೂ ಹೀಗೆಯೇ. ಎಷ್ಟೋ ಕೀಟಗಳನ್ನು ಓಡಿಸುವ ಸಾಸಿವೆಯ ಘಾಟು ವಜ್ರಬೆನ್ನಿನ ಪತಂಗವನ್ನು ಕರೆಯುತ್ತದೆ. 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ. ಒಂದನ್ನು ಕೋಸು ನಾಟಿಗೆ 15 ದಿನ ಮೊದಲು, ಇನ್ನೊಂದನ್ನು ನಾಟಿಯಾದ 25 ದಿನಕ್ಕೆ ಬಿತ್ತಬೇಕು. ಔಷಧಿ ಸಿಂಪಡಿಸಬೇಕಾದದ್ದು ಹುಳು ಕೂಡಿದ ಆ ಸಾಸಿವೆಗೆ. ಸಾಸಿವೆ ಸಾಲನ್ನು ನೋಡಿಕೊಳ್ಳದೆ ಬಿಟ್ಟರೆ ಅದು ಹುಳುವಿನ ನರ್ಸರಿಯೇ ಆಗಿಬಿಡುತ್ತದೆ.

ಓಡಿಸುವುದು, ಸೆಳೆಯುವುದು ಎರಡನ್ನೂ ಒಟ್ಟುಗೂಡಿಸಿದ ಪದ್ಧತಿ ಪೂರ್ವ ಆಫ್ರಿಕಾದ್ದು. ಕೀನ್ಯಾದ ಅಂತಾರಾಷ್ಟ್ರೀಯ ಕೀಟ ಸಂಶೋಧನಾ ಕೇಂದ್ರದಲ್ಲಿ ಭಾರತೀಯ ಮೂಲದ ಜಿಯಾವುರ್ ಖಾನ್, ಬ್ರಿಟನ್ನಿನ ಜಾನ್ ಪಿಕೆಟ್ ಮತ್ತಿತರರು 1990ರ ದಶಕದಲ್ಲಿ ಅದನ್ನು ಬೆಳೆಸಿದರು. ಮೆಕ್ಕೆಜೋಳದ ಸಾಲುಗಳ ನಡುವೆ ಡೆಸ್ಮೋಡಿಯಂ ಎಂಬ ದ್ವಿದಳ ಮೇವಿನ ಗಿಡ ಕಾಂಡಕೊರಕದ ಪತಂಗವನ್ನು ದೂಡುತ್ತದೆ. ಹೊಲದ ಅಂಚಿನ ನೇಪಿಯರ್ ಹುಲ್ಲು ಅದನ್ನು ಸೆಳೆದು, ಹುಟ್ಟಿದ ಮರಿಗಳನ್ನು ಅಂಟುರಸದಲ್ಲಿ ಸಿಕ್ಕಿಸುತ್ತದೆ. ಸ್ಟ್ರೈಗಾ ಕಳೆಯೂ ಹತೋಟಿಗೆ ಬರುತ್ತದೆ, ದನಗಳಿಗೆ ಮೇವೂ ಸಿಗುತ್ತದೆ. ಸಣ್ಣ ಹಿಡುವಳಿದಾರ ಇದನ್ನು ಒಪ್ಪಿಕೊಂಡದ್ದು ಈ ಮೇವಿಗಾಗಿಯೇ ಇರಬೇಕು.

ಎಚ್ಚರಿಕೆ

ಗಿಡದಿಂದ ಬಂದದ್ದೆಲ್ಲ ನಿರಪಾಯಕಾರಿಯಲ್ಲ. ತಂಬಾಕಿನ ನಿಕೋಟಿನ್ ಚರ್ಮದ ಮೂಲಕವೂ ಒಳಸೇರುವ ಕಡುವಿಷ. ಸಹಜ ಕೃಷಿಯಲ್ಲಿ ಹೆಸರಾದ ಅಗ್ನಿಅಸ್ತ್ರದಲ್ಲಿ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಬೇವು, ಗೋಮೂತ್ರದ ಜೊತೆ ತಂಬಾಕೂ ಇರುವುದರಿಂದ ಕೈಗವಸು, ಮುಖವಸ್ತ್ರ ಇಲ್ಲದೆ ಅದನ್ನು ಕುದಿಸಲೂಬಾರದು, ಸಿಂಪಡಿಸಲೂಬಾರದು. ಕೊಯ್ಲಿಗೆ ಬಂದ ಸೊಪ್ಪಿಗೆ ಅದು ಬೇಡವೇ ಬೇಡ. ಡೆರಿಸ್ ಬೇರಿನ ರೋಟಿನೋನ್ ಮೀನುಗಳನ್ನು ಕೊಲ್ಲುತ್ತದೆ. ಇಲಿಗಳಲ್ಲಿ ಪಾರ್ಕಿನ್ಸನ್ ರೋಗದಂಥ ಲಕ್ಷಣಗಳನ್ನು ಅದು ಹುಟ್ಟಿಸಿದ್ದು 2000ದಲ್ಲಿ ವರದಿಯಾಗಿದೆ. ಪೈರೆಥ್ರಮ್ ಜೇನುನೊಣಕ್ಕೂ ಮೀನಿಗೂ ಮಾರಕ. ಕರ್ಪೂರ ನುಂಗಿದ ಮಕ್ಕಳಿಗೆ ಫಿಟ್ಸ್ ಬರಬಹುದು. ಎಳೆಗೂಸಿಗೆ ಬೇವಿನೆಣ್ಣೆ ಕುಡಿಸಿದ್ದರಿಂದ ಮಿದುಳು, ಯಕೃತ್ತಿಗೆ ಹಾನಿಯಾದ ಪ್ರಕರಣಗಳಿವೆ. ಸುಗಂಧ ತೈಲವನ್ನು ಬೆರಕೆಯಿಲ್ಲದೆ ಮೈಗೆ ಹಚ್ಚಿದರೆ ಚರ್ಮ ಸುಡುತ್ತದೆ.

ಭಾರತದಲ್ಲಿ ಬೇವಿನ ತಯಾರಿಕೆಗಳು 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿಯಾಗುತ್ತವೆ. ಡಬ್ಬಿಯ ಮೇಲೆ 300, 1500, 10,000 ಪಿಪಿಎಂ ಎಂದು ಬರೆದಿರುವುದು ಅಜಾಡಿರಾಕ್ಟಿನ್‌ನ ಪ್ರಮಾಣ. ಕೊಳ್ಳುವಾಗ ಬೆಲೆಗಿಂತ ಮೊದಲು ಈ ಅಂಕಿಯನ್ನೂ ತಯಾರಾದ ದಿನಾಂಕವನ್ನೂ ನೋಡಿ. ನೋಂದಣಿ ಸಂಖ್ಯೆಯಿಲ್ಲದ ಡಬ್ಬಿಯನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.